‘ರನ್’ ಕಂಡ ಕೂಡಲೇ ‘ಓಡು’ ಅಂತ ಹಾಕಬೇಡಿ

ಇಂಗ್ಲಿಷಿನಿಂದ ಅನುವಾದ ಮಾಡುವವರು ಮೊದಲು ನೋಡಬೇಕಾದ್ದು ಏನು ‘ರನ್’ ಆಗುತ್ತಿದೆ ಎಂಬುದನ್ನು. ಮೂಗಾದರೆ ಸೋರುತ್ತದೆ, ಬಟ್ಟೆಯ ಬಣ್ಣವಾದರೆ ಬಿಡುತ್ತದೆ, ನಲ್ಲಿಯಾದರೆ ನೀರು ಬರುತ್ತಿದೆ. ಆಮೇಲೆ ಕರ್ಮಪದ ಇದೆಯೇ ನೋಡಿ: ‘ರನ್ ಎ ಶಾಪ್’ ಅಂದರೆ ಅಂಗಡಿ ನಡೆಸುವುದು, ‘ರನ್ನಿಂಗ್ ಎ ಫೀವರ್’ ಅಂದರೆ ಜ್ವರ ಬಂದಿದೆ, ಅಷ್ಟೇ.

ನಿಜವಾಗಿ ಕೈಕೊಡುವುದು ಹಿಂದೆ ಅಂಟಿಕೊಂಡು ಬರುವ ಪುಟ್ಟ ಪದ. ‘ರನ್ ಇಂಟು’ ಮುಂದೆ ಗೆಳೆಯನಿದ್ದರೆ ಅಚಾನಕ್ಕಾಗಿ ಸಿಕ್ಕ, ಗೋಡೆಯಿದ್ದರೆ ಗುದ್ದಿದ. ‘ರನ್ ಓವರ್’ ನಾಯಿಗಾದರೆ ಮೇಲೆ ಗಾಡಿ ಹರಿಯಿತು, ಮೀಟಿಂಗಿಗಾದರೆ ಹೊತ್ತು ಮೀರಿತು. ಅಮೆರಿಕದವರು ‘ರನ್ ಔಟ್ ಆಫ್ ಗ್ಯಾಸ್’ ಅಂದರೆ ಕಾರಿನ ಪೆಟ್ರೋಲ್ ಖಾಲಿ. ಸಿಲಿಂಡರ್ ಬುಕ್ ಮಾಡಲು ಹೋಗಬೇಡಿ! ಚುನಾವಣೆಗೆ ಅವರು ‘ರನ್’ ಆಗುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಆಗುತ್ತಾರೆ. ಕನ್ನಡದಲ್ಲಿ ಎರಡಕ್ಕೂ ‘ನಿಲ್ಲು’ ಸಾಕು.

ನಿಘಂಟಿನಲ್ಲಿ ‘ರನ್’ ನಮೂದನ್ನು ಮೊದಲಿನಿಂದ ಓದುತ್ತಾ ಕೂತರೆ ಮುಗಿಯುವುದಿಲ್ಲ. ಕಲಿಯುವವರಿಗಾಗಿ ಮಾಡಿದ ನಿಘಂಟುಗಳಲ್ಲಿ ಇಂಥ ಜೋಡಿಪದಗಳು ಸಾಮಾನ್ಯವಾಗಿ ನಮೂದಿನ ಕೊನೆಯಲ್ಲಿ, ಅಕ್ಷರಾನುಕ್ರಮದಲ್ಲಿ ಇರುತ್ತವೆ. ನೇರ ಅಲ್ಲಿಗೆ ಹೋಗಿ, ಅರ್ಥಕ್ಕಿಂತ ಮೊದಲು ಉದಾಹರಣೆ ವಾಕ್ಯ ಓದಿ.