ಡ್ರಮ್ಮಿನೊಳಗೆ ಎಂಟು ಗಂಟೆ

ಸಕಲೇಶಪುರದ ಕಡೆ ನಮ್ಮಜ್ಜಿ ಮನೆಯಲ್ಲಿ ಒಲೆಯ ಮೇಲೆ ಆಳೆತ್ತರಕ್ಕೊಂದು ತಂತಿ ಎಳೆದಿತ್ತು. ಮಳೆ ಹಿಡಿಯುವ ಮೊದಲು ಹಂದಿ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ತಿಕ್ಕಿ ಅದಕ್ಕೆ ನೇತುಹಾಕೋರು. ಹತ್ತು ದಿನದಲ್ಲಿ ಅದು ಸೌದೆ ಚಕ್ಕೆಯ ಹಾಗೆ ಆಗಿರೋದು. ಜಡಿಮಳೆಯ ದಿನ ಎರಡು ಚೂರು ಇಳಿಸಿ, ಕೆಂಡದಲ್ಲಿ ಸುಟ್ಟು, ಒರಳಲ್ಲಿ ಜಜ್ಜಿ, ಈರುಳ್ಳಿ ಹಸಿಮೆಣಸಿನ ಜೊತೆ ಹುರಿದರೆ ಮುಗೀತು. ಕೊಡಗಿನವರ ಒಣಕ್ ಎರ್ಚಿ ಇದರ ಹತ್ತಿರದ ನೆಂಟ. ಅಜ್ಜನ ಕಾಲದಲ್ಲಿ ತಂತಿ ಮೇಲೆ ಇರ್ತಿದ್ದದ್ದು ಕಾಡುಹಂದಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಸಾಕಿದ ಹಂದಿ. ನಡುವೆ ಕದ್ದು ತಿಂದವರ ಕಥೆ ಇಲ್ಲಿ ಬೇಡ.

ಮೈಸೂರಿನ ನನ್ನ ಮನೆಯಲ್ಲಿರುವುದು ಗ್ಯಾಸ್ ಒಲೆ. ಹಿತ್ತಿಲಿದೆ, ಅದರಲ್ಲಿ ಒಂದು ಸೀಬೆ ಮರ, ಬಟ್ಟೆ ಒಗೆಯುವ ಕಲ್ಲು, ಒಂದಿಷ್ಟು ಜಾಗ. ಮಾಂಸವನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸೋಣ ಅಂತ ಅಲ್ಲೇ ಇನ್ನೂರು ಲೀಟರಿನ ಕಬ್ಬಿಣದ ಡ್ರಮ್ ನಿಲ್ಲಿಸಿದೆ. ಡ್ರಮ್ ತರುವಾಗ ಅದರಲ್ಲಿ ಮೊದಲು ಏನಿತ್ತು ಅಂತ ಕೇಳಲೇಬೇಕು. ಕೆಮಿಕಲ್ ತುಂಬಿದ್ದು ಬೇಡವೇ ಬೇಡ, ನಾನು ಅಡುಗೆ ಎಣ್ಣೆ ತುಂಬಿದ್ದ ಡ್ರಮ್ ಹುಡುಕಿ ತಂದೆ. ಒಳಗೆ ಸೌದೆ ಹಾಕಿ ಒಂದು ದಿನವಿಡೀ ಉರಿಸಿ, ಬಣ್ಣವೆಲ್ಲ ಸುಟ್ಟ ಮೇಲೆ ಉಜ್ಜಿ ತೊಳೆದೆ. ವೆಲ್ಡಿಂಗ್ ಅಂಗಡಿಯವನು ಬುಡದಲ್ಲಿ ಮೂರು ತೂತು ಕೊರೆದು ಮುಚ್ಚಳದ ತಗಡು ಹಾಕಿಕೊಟ್ಟ. ಇದ್ದಿಲ ಬುಟ್ಟಿ ಕೆಳಗೆ, ಅದರಿಂದ ಎರಡಡಿ ಮೇಲೆ ಜಾಲರಿ. ಜಾಲರಿಗೆ ಸ್ಟೀಲೇ ಆಗಬೇಕು. ಸತು ಲೇಪಿಸಿದ ತಂತಿ ಅಗ್ಗಕ್ಕೆ ಸಿಗುತ್ತೆ, ಆದರೆ ಜೋರು ಶಾಖಕ್ಕೆ ಅದರಿಂದ ಕೆಟ್ಟ ಹೊಗೆ ಏಳುತ್ತೆ.

ಮೊದಲ ಸಲ ಮಾಡಿದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆ. ತೋಟದಲ್ಲಿ ಆಗಷ್ಟೇ ಕಾಫಿ ಗಿಡ ಸವರಿದ್ದರು, ಆ ರೆಂಬೆಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬಂದೆ. ಹಸಿ ರೆಂಬೆ. ಇದ್ದಿಲ ಮೇಲಿಟ್ಟ ಕೂಡಲೇ ದಪ್ಪ ಬಿಳಿ ಹೊಗೆ. ನನಗೋ ಖುಷಿ, ಹೊಗೆ ಹೆಚ್ಚಿದಷ್ಟೂ ರುಚಿ ಅಂದುಕೊಂಡಿದ್ದೆ. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ ಕಸ ಸುಡ್ತಾ ಇದ್ದೀರಾ ಅಂತ ಕೇಳಿದರು. ಸಂಜೆ ಹೊರಬಂದ ಮಾಂಸ ಟಾರ್ ಬಳಿದ ಹಾಗಿತ್ತು, ಕಚ್ಚಿದರೆ ನಾಲಿಗೆ ಜೋಮು ಹಿಡಿಯುವಷ್ಟು ಕಹಿ. ಮನೆಯವರು ಅನ್ನ ಸಾರು ಉಂಡೆದ್ದರು.

ಆಮೇಲೆ ಅಜ್ಜಿಯ ಅಡುಗೆಮನೆ ನೆನಪಾಯ್ತು. ಅಲ್ಲಿ ಕಣ್ಣುರಿಯುವ ಹೊಗೆ ಬಂದರೆ ಬೈಗುಳ ಬೀಳ್ತಿತ್ತು. ವರ್ಷಗಟ್ಟಲೆ ಅಟ್ಟದಲ್ಲಿ ಒಣಗಿದ ಸೌದೆ, ಸಣ್ಣ ಉರಿ, ಇದೆಯೋ ಇಲ್ಲವೋ ಅನ್ನುವಂಥ ಹೊಗೆ. ಸರಿಯಾದ ಹೊಗೆ ತೆಳ್ಳಗೆ, ಬಿಸಿಲಿಗೆ ಹಿಡಿದು ನೋಡಿದರೆ ತುಸು ನೀಲಿ. ದಪ್ಪ ಬಿಳಿ ಹೊಗೆ ಅಂದರೆ ಬೆಂಕಿಗೆ ಗಾಳಿ ಸಾಲದೆ, ಇಲ್ಲವೇ ಸೌದೆಯಲ್ಲಿ ನೀರಿದ್ದು, ಅರ್ಧಂಬರ್ಧ ಉರಿಯುತ್ತಿದೆ ಅಂತ. ಅದರ ಕಹಿಯೆಲ್ಲ ಮಾಂಸದ ಮೇಲೆ ಕೂರುತ್ತೆ. ಈಗ ಕಾಫಿ ಮತ್ತು ಸೀಬೆ ಕಟ್ಟಿಗೆಯನ್ನು ಎಂಟು ತಿಂಗಳಾದರೂ ಒಣಗಿಸುತ್ತೇನೆ. ಎರಡು ತುಂಡು ಕುಟ್ಟಿದರೆ ಟಣ್ ಅನ್ನಬೇಕು, ಧಬ್ ಅಂದರೆ ವಾಪಸ್ ಶೀಟಿನ ಕೆಳಗೆ. ನೀಲಗಿರಿಯನ್ನು ಹತ್ತಿರಕ್ಕೂ ಸೇರಿಸುವುದಿಲ್ಲ, ಮಾಂಸಕ್ಕೆ ನೆಗಡಿ ಮುಲಾಮಿನ ವಾಸನೆ ಯಾರಿಗೆ ಬೇಕು?

ಈಗ ಮಾಡುವುದು ಹೀಗೆ. ಎರಡೂವರೆ ಕೆಜಿಯ ಮೂಳೆ ಸಮೇತ ಹಂದಿ ಭುಜ. ಕೆಜಿಗೆ ಇಪ್ಪತ್ತು ಗ್ರಾಂ ಲೆಕ್ಕದಲ್ಲಿ ಐವತ್ತು ಗ್ರಾಂ ಉಪ್ಪು, ಅದಕ್ಕೆ ತರಿತರಿಯಾಗಿ ಕುಟ್ಟಿದ ನಮ್ಮ ತೋಟದ ಮೆಣಸು. ಹಿಂದಿನ ರಾತ್ರಿಯೇ ಹಚ್ಚಿ ಫ್ರಿಜ್ಜಿನಲ್ಲಿಡುತ್ತೇನೆ. ಬೆಳಗ್ಗೆ ನಾಲ್ಕು ಕೆಜಿ ಇದ್ದಿಲು ಬುಟ್ಟಿಗೆ ತುಂಬಿ, ಮೇಲೆ ಹತ್ತಿಪ್ಪತ್ತು ಕೆಂಡ ಮಾತ್ರ ಇಡುವುದು. ಅದು ಮೇಲಿಂದ ಕೆಳಕ್ಕೆ ನಿಧಾನವಾಗಿ ಹತ್ತುತ್ತೆ. ಜಾಲರಿಯ ಮಟ್ಟದಲ್ಲಿ 110ರಿಂದ 120 ಡಿಗ್ರಿ. ಮುಚ್ಚಳದ ಮೀಟರನ್ನು ನಂಬಬೇಡಿ, ಮಾಂಸ ಇರುವುದು ಮುಚ್ಚಳದಲ್ಲಲ್ಲ. ಶಾಖ ಹೆಚ್ಚಾದರೆ ಬುಡದ ತೂತು ಮುಚ್ಚುವುದು, ಅಷ್ಟೇ. ಮುಚ್ಚಳ ತೆಗೆದು ತೆಗೆದು ನೋಡಿದರೆ ಗಾಳಿ ನುಗ್ಗಿ ಬೆಂಕಿ ಇನ್ನೂ ಏಳುತ್ತೆ.

ಐದನೇ ಗಂಟೆಗೆ ಶುರುವಾಗುತ್ತೆ ತಮಾಷೆ. ಮಾಂಸದ ಒಳಶಾಖ ಚೆನ್ನಾಗಿ ಏರುತ್ತಾ ಬಂದು 70ರ ಆಸುಪಾಸಿನಲ್ಲಿ ಕೂತುಬಿಡುತ್ತೆ. ಒಂದು ಗಂಟೆ, ಎರಡು ಗಂಟೆ, ಕದಲುವುದಿಲ್ಲ. ಎರಡನೇ ಸಲ ಮಾಡಿದಾಗ ಥರ್ಮಾಮೀಟರೇ ಕೆಟ್ಟಿದೆ ಅಂತ ಗಾಬರಿಯಾಗಿ ಇದ್ದಿಲು ಸುರಿದು, ಹೊರಗೆ ಕರಕಲು ಒಳಗೆ ಚಪ್ಪಲಿ ಮಾಡಿಟ್ಟಿದ್ದೆ. ಕೆಟ್ಟಿರಲಿಲ್ಲ. ಮಾಂಸ ಬೆವರುತ್ತಿರುತ್ತೆ. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗಿ ಒಳಗಿನ ನೀರು ತಣ್ಣಗಾಗುವ ಹಾಗೆ, ಇಲ್ಲಿ ಕೆಳಗಿಂದ ಎಷ್ಟು ಶಾಖ ಬರುತ್ತೋ ಅಷ್ಟನ್ನು ಆ ಆವಿಯೇ ಹೊತ್ತುಕೊಂಡು ಹೋಗುತ್ತಿರುತ್ತೆ. ಹೊರಗಿನ ಪದರ ಬೆಲ್ಲದ ಪಾಕದ ಬಣ್ಣಕ್ಕೆ ಬಂದಿದ್ದರೆ ಆಗ ಸುತ್ತಿಡಬಹುದು. ಕೆಲವರು ಅಲ್ಯುಮಿನಿಯಂ ಫಾಯಿಲ್ ಸುತ್ತುತ್ತಾರೆ. ಅದರಲ್ಲಿ ಮೇಲಿನ ಗರಿ ನೆನೆದು ಮೆತ್ತಗಾಗುತ್ತೆ, ನನಗೆ ಸೇರುವುದಿಲ್ಲ. ನಾನು ಬಾಳೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಎರಡು ಸುತ್ತು ಸುತ್ತುತ್ತೇನೆ. ಕಡುಬಿನ ವಾಸನೆ ಉಚಿತ.

94 ಡಿಗ್ರಿ ಹತ್ತಿರ ಬಂದಾಗ ಕಡ್ಡಿ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯಬೇಕು. ಬೇಯುವುದು ಇದಕ್ಕಿಂತ ಎಷ್ಟೋ ಮೊದಲೇ ಆಗಿರುತ್ತೆ, ಆದರೆ ಭುಜದ ನರ-ಪೊರೆಗಳೆಲ್ಲ ಕರಗಿ ಅಂಟಾಗುವುದಕ್ಕೆ ಇಷ್ಟು ಹೊತ್ತು ಬೇಕು. ಇಳಿಸಿ, ಎಲೆ ಸಮೇತ ಒಂದು ಗಂಟೆ ಮುಚ್ಚಿಡುವುದು. ಈ ಒಂದು ಗಂಟೆ ತಡೆಯುವುದೇ ಎಂಟು ಗಂಟೆಗಿಂತ ಕಷ್ಟ. ಆಮೇಲೆ ಭುಜದ ಮೂಳೆ ಹಿಡಿದು ತಿರುಗಿಸಿದರೆ ಒರೆಯಿಂದ ಕತ್ತಿ ಬಂದ ಹಾಗೆ ಸಲೀಸಾಗಿ ಕೈಗೆ ಬರುತ್ತೆ. ಮಾಂಸ ಬಿಡಿಸಿ, ಎಲೆಯಲ್ಲಿ ನಿಂತ ರಸಕ್ಕೆ ಅರ್ಧ ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಕಲಸಿ ಮೇಲೆ ಸುರಿದು, ಬಿಸಿ ಅಕ್ಕಿ ರೊಟ್ಟಿ ಜೊತೆ ಕೊಡುತ್ತೇನೆ.

ಪಕ್ಕದ ಮನೆಯವರು ಈಗ ಕಸದ ಮಾತು ಎತ್ತುವುದಿಲ್ಲ, ಅವರು ಸಸ್ಯಾಹಾರಿಗಳು. ಹೋದ ತಿಂಗಳು ಡ್ರಮ್ಮಿನಲ್ಲಿ ಕೆಂಡ ಉಳಿದಿದ್ದು ನೋಡಿ ನಾಲ್ಕು ಗುಂಡು ಬದನೆಕಾಯಿ ತಂದುಕೊಟ್ಟು, ಗೊಜ್ಜಿಗೆ ಸುಡಬೇಕು, ಆದರೆ ಜಾಲರಿ ಬೇರೆ ಇರಲಿ ಅಂದರು. ಎರಡನೇ ಜಾಲರಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಬಂದಿದ್ದೇನೆ.