ಪಟ್ಟಿಯಲ್ಲಿ ಎರಡು ಬೆಂಗಳೂರು! ಕಂಪ್ಯೂಟರಿನ ಕನ್ನಡ ರಿಪೇರಿ ಮಾಡುವುದು ಹೇಗೆ?

ತಂಗಿಯ ಮದುವೆಗೆ ಕರೆಯೋಲೆ ಹಂಚಬೇಕಿತ್ತು. ನೆಂಟರ ಪಟ್ಟಿಯನ್ನು ಗೂಗಲ್ ಶೀಟ್ಸ್‌ನಲ್ಲಿ ಹಾಕಿದ್ದೆವು, ಅರ್ಧ ನಾನು ಟೈಪ್ ಮಾಡಿದ್ದು, ಅರ್ಧ ಭಾವ. ಊರಿನ ಕಾಲಂಗೆ ಫಿಲ್ಟರ್ ಹಾಕಿ ಬೆಂಗಳೂರಿನವರನ್ನೆಲ್ಲ ಆರಿಸಿ ಕರೆಯೋಲೆ ಕೊಟ್ಟು ಮುಗಿಸಿದೆ. ನಾಲ್ಕು ದಿನ ಬಿಟ್ಟು ದೊಡ್ಡಮ್ಮನ ಫೋನ್: "ನಮ್ಮನ್ನ ಮರೆತೇ ಬಿಟ್ರೇನಪ್ಪಾ?"

ಪಟ್ಟಿ ತೆಗೆದು ನೋಡಿದರೆ ಅವರ ಹೆಸರು ಇದೆ, ಊರು ಬೆಂಗಳೂರು ಎಂದೇ ಇದೆ. ಫಿಲ್ಟರ್ ಒತ್ತಿದರೆ ಮಾತ್ರ ಬೆಂಗಳೂರು ಎರಡು ಸಲ ಬರುತ್ತಿದೆ. ಕಣ್ಣಿಗೆ ಎರಡೂ ಒಂದೇ. ಭಾವ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಹೊಡೆದಿದ್ದರು!

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಪರದೆ ಮೇಲೆ ನಾವು ನೋಡುವುದು ಅಕ್ಷರ, ಒಳಗೆ ಇರುವುದು ನಂಬರ್. ಯೂನಿಕೋಡ್ ಎಂಬ ಪಟ್ಟಿ ಜಗತ್ತಿನ ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ನಂಬರ್ ಕೊಟ್ಟಿದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಜಾಗ ಸಿಕ್ಕಿತು, 3200ರಿಂದ 3327ರವರೆಗೆ. ಅನುಸ್ವಾರ 3202, ಸೊನ್ನೆ 3302. ಸರಿಯಾಗಿ ನೂರರ ವ್ಯತ್ಯಾಸ, ನೋಡಲು ಮಾತ್ರ ಅವಳಿ ಮಕ್ಕಳು. ಹುಡುಕುವಾಗ ಕಂಪ್ಯೂಟರ್ ನೋಡುವುದು ಈ ನಂಬರನ್ನು, ಆಕಾರವನ್ನಲ್ಲ.

ರಿಪೇರಿಗೆ ಹೊಸ ಸಾಫ್ಟ್‌ವೇರ್ ಏನೂ ಬೇಡ. ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ಸಾಕು. (ಸೂತ್ರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ.)

ಮೊದಲು ಎಣಿಸಿ

ಎ1 ಎಂಬ ಮನೆಯಲ್ಲಿ "ಕನ್ನಡ" ಎಂದು ಟೈಪ್ ಮಾಡಿ. ಪಕ್ಕದ ಮನೆಯಲ್ಲಿ =ಲೆನ್(ಎ1) ಹಾಕಿ. ಲೆನ್ ಎಂದರೆ ಎಲ್, ಇ, ಎನ್. ನಮ್ಮ ಲೆಕ್ಕಕ್ಕೆ ಅಕ್ಷರ ಮೂರು, ಆದರೆ ಉತ್ತರ 5 ಬರುತ್ತದೆ. ಕ, ನ, ಅರ್ಧಾಕ್ಷರ ಮಾಡುವ ಗುರುತು, ಮತ್ತೆ ನ, ಕೊನೆಗೆ ಡ. ಒತ್ತಕ್ಷರಕ್ಕೆ ಬೇರೆ ನಂಬರ್ ಇಲ್ಲ, ನಡುವೆ ಆ ಗುರುತು ಇದ್ದರೆ ಮುಂದಿನ ನ ತಾನೇ ಕೆಳಗೆ ಹೋಗಿ ಕೂರುತ್ತದೆ. ಇದೊಂದು ಗೊತ್ತಾದರೆ ಮುಂದಿನದೆಲ್ಲ ಸಲೀಸು.

ಕಳ್ಳ ಸೊನ್ನೆಯನ್ನು ಹಿಡಿಯಿರಿ

ಅನುಮಾನ ಇರುವ "ಬೆಂಗಳೂರು" ಪದವನ್ನು ಎ1ಗೆ ಕಾಪಿ ಮಾಡಿ. ಬ ಒಂದು, ಎತ್ವ ಎರಡು, ಅನುಸ್ವಾರ ಮೂರನೆಯದು. ಆ ಮೂರನೆಯದರ ನಂಬರ್ ಕೇಳಲು =ಯೂನಿಕೋಡ್(ಮಿಡ್(ಎ1,3,1)) ಎಂದು ಹಾಕಿ. 3202 ಬಂದರೆ ಸರಿ. 3302 ಬಂದರೆ ಕಳ್ಳ ಸಿಕ್ಕಿಬಿದ್ದ.

ಇನ್ನು ಫೈಂಡ್ ಅಂಡ್ ರಿಪ್ಲೇಸ್ ತೆರೆಯಿರಿ. ಮೇಲಿನ ಬಾಕ್ಸಿನಲ್ಲಿ ೦, ಕೆಳಗಿನದರಲ್ಲಿ ಅನುಸ್ವಾರ. ಅನುಸ್ವಾರವನ್ನು ಒಂಟಿಯಾಗಿ ಟೈಪ್ ಮಾಡಿದರೆ ಪಕ್ಕದಲ್ಲಿ ಚುಕ್ಕಿಗಳ ಒಂದು ವೃತ್ತ ಕಾಣಬಹುದು, ಗಾಬರಿ ಬೇಡ, ಆಸರೆಗೆ ಅಕ್ಷರ ಇಲ್ಲದ್ದಕ್ಕೆ ಹಾಗೆ ತೋರಿಸುತ್ತದೆ ಅಷ್ಟೆ. ಆದರೆ ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಬಟನ್ ಒತ್ತುವ ಮುಂಚೆ ತಡೆಯಿರಿ! ಪಟ್ಟಿಯಲ್ಲಿ ಮನೆ ನಂಬರ್ ಕನ್ನಡ ಅಂಕಿಯಲ್ಲಿದ್ದರೆ ೧೦೮ರ ಸೊನ್ನೆಯೂ ಅನುಸ್ವಾರ ಆಗಿಬಿಡುತ್ತದೆ, ಆಮೇಲೆ ಅದನ್ನು ಹುಡುಕುವುದು ಇನ್ನೊಂದು ತಲೆನೋವು. ಊರು, ಹೆಸರಿನ ಕಾಲಂಗಳನ್ನು ಮಾತ್ರ ಆರಿಸಿಕೊಂಡು ಬದಲಿಸಿ.

ಕಾಣದೇ ಇರುವ ಅಕ್ಷರ

"ರಾಜ್ಕುಮಾರ್" ಎಂದು ಬರೆದದ್ದನ್ನು ನೋಡಿ ನಿಮಗೂ ಕಸಿವಿಸಿ ಆಗಿರಬೇಕು ಅಲ್ವಾ? ಬರೆದವರ ತಪ್ಪು ಅನ್ನುವ ಹಾಗೂ ಇಲ್ಲ. ಜ್ ಆದ ಕೂಡಲೇ ಕ ಬಂದರೆ ಒತ್ತು ಕೊಡು ಎಂಬುದು ಲಿಪಿಯ ನಿಯಮ, ಕಂಪ್ಯೂಟರ್ ಅದನ್ನೇ ಪಾಲಿಸಿದೆ. ಇಲ್ಲಿ ಬೇಡ, ಬಿಡಿಸಿ ಬರಿ ಎಂದು ಹೇಳಲು ಒಂದು ಚಿಹ್ನೆ ಇದೆ. ಅದರ ನಂಬರ್ 8204. ಅದಕ್ಕೆ ಆಕಾರ ಇಲ್ಲ, ಅಗಲವೂ ಇಲ್ಲ. ನಡುವೆ ಅದನ್ನು ಹಾಕಿದರೆ "ರಾಜ್‌ಕುಮಾರ್" ಎಂದು ಸರಿಯಾಗಿ ನಿಲ್ಲುತ್ತದೆ. ಲೆನ್ ಹಾಕಿ ನೋಡಿ, ಮೊದಲಿನದಕ್ಕೆ 10, ಎರಡನೆಯದಕ್ಕೆ 11.

ಸ್ಪೇಸ್ ಕೊಟ್ಟರೆ ಆಗಲ್ವಾ ಎಂದು ಕೇಳಬಹುದು. ನೋಡಲು ಪರವಾಗಿಲ್ಲ, ಆದರೆ ಒಂದು ಪದ ಎರಡಾಗುತ್ತದೆ, ಸಾಲಿನ ಕೊನೆಗೆ ಬಂದರೆ ರಾಜ್ ಮೇಲೆ, ಕುಮಾರ್ ಕೆಳಗೆ. ಕರೆಯೋಲೆಗಳಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ.

ಶೀಟ್ಸ್‌ನಲ್ಲಿ ="ರಾಜ್"&ಯೂನಿಚಾರ್(8204)&"ಕುಮಾರ್" ಎಂದು ಹಾಕಿದರೆ ಪದ ಸಿದ್ಧ. ವಿಂಡೋಸ್‌ನ ವರ್ಡ್‌ನಲ್ಲಾದರೆ ಕರ್ಸರನ್ನು ಜ್ ಆದ ಮೇಲೆ ಇಟ್ಟು, ಇಂಗ್ಲಿಷ್ ಕೀಬೋರ್ಡಿಗೆ ಬಂದು, 200 ಮತ್ತು ಅದಕ್ಕೆ ಅಂಟಿಸಿಯೇ ಇಂಗ್ಲಿಷಿನ ಸಿ ಹೊಡೆದು ಆಲ್ಟ್ ಜೊತೆ ಎಕ್ಸ್ ಒತ್ತಿ. ಹೊಡೆದದ್ದು ಮಾಯ ಆಗುತ್ತದೆ, ಕಾಣದ ಅಕ್ಷರ ಒಳಗೆ ಕೂರುತ್ತದೆ. ವೆಬ್ ಪುಟ ಬರೆಯುವವರಿಗೆ ‌ ಸಾಕು. ಮೊಬೈಲಿನಲ್ಲಿ ನಾನು ಮಾಡುವುದು ಸೋಮಾರಿಯ ಕೆಲಸ: ಸರಿಯಾಗಿರುವ ಪದವನ್ನೇ ಎಲ್ಲಿಂದಾದರೂ ಕಾಪಿ ಮಾಡಿಕೊಳ್ಳುತ್ತೇನೆ.

ಇದಕ್ಕೊಂದು ತಮ್ಮ ಇದೆ, 8205. "ರ್ಯಾಂಕ್" ಎಂದು ಅರ್ಕಾವತ್ತು ಬಂದು ಕೆಡುವ ಕಡೆ ರ ಅಕ್ಷರಕ್ಕೂ ಅರ್ಧಾಕ್ಷರದ ಗುರುತಿಗೂ ನಡುವೆ ಇದನ್ನು ಹಾಕಿದರೆ "ರ‍್ಯಾಂಕ್" ಆಗುತ್ತದೆ. ಸೂರ್ಯ, ಕಾರ್ಯಕ್ಕೆಲ್ಲ ಇದು ಬೇಡ.

ಪೌಂಡ್ ಗುರುತಿನ ಹಳೇ ಫೈಲು

ಡಿಟಿಪಿ ಅಂಗಡಿಯಿಂದ ತಂದ ಹಳೆಯ ಫೈಲ್ ತೆರೆದರೆ ತಲೆಬುಡ ತಿಳಿಯದ ಇಂಗ್ಲಿಷ್ ಅಕ್ಷರ, ನಡುನಡುವೆ ಬ್ರಿಟನ್ನಿನ £ ಗುರುತು. ಇದು ವೈರಸ್ ಅಲ್ಲ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ನಂಬರ್ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ನಂಬರನ್ನೇ ಬಾಡಿಗೆಗೆ ಪಡೆದು ಅದರ ಮೇಲೆ ಕನ್ನಡದ ಚಿತ್ರ ಅಂಟಿಸಿದ್ದರು. ಇಂಗ್ಲಿಷಿನ ಪಿ ಜಾಗದಲ್ಲಿ ಕ, ಕ್ಯೂ ಜಾಗದಲ್ಲಿ ಡ, ಪೌಂಡ್ ಗುರುತಿನ ಜಾಗದಲ್ಲಿ ನ. ಜರ್ಮನ್ನರ ಒಂದು ಅಕ್ಷರ ನಮ್ಮ ನ ಒತ್ತಾಗಿ ದುಡಿಯುತ್ತಿತ್ತು, ಪಾಪ! ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಬರೀ ಮನೆ ಮಾಲೀಕರು.

ಇದನ್ನು ಯೂನಿಕೋಡಿಗೆ ತರಲು ನುಡಿ, ಬರಹ ಎರಡರ ಜೊತೆಗೂ ಪರಿವರ್ತಕಗಳು ಬರುತ್ತವೆ. ಪಠ್ಯ ಹಾಕಿ ಬಟನ್ ಒತ್ತಿದರೆ ಹೆಚ್ಚುಕಮ್ಮಿ ಸರಿಯಾಗಿಯೇ ಬರುತ್ತದೆ. ಆದರೆ ನಡುವೆ ನಿಜವಾದ ಇಂಗ್ಲಿಷ್ ಇದ್ದರೆ ಕಷ್ಟ. ಯಾವುದು ಬಾಡಿಗೆಯದು, ಯಾವುದು ಸ್ವಂತದ್ದು ಎಂದು ಪರಿವರ್ತಕಕ್ಕೆ ಗೊತ್ತಾಗದೇ ಇಮೇಲ್ ವಿಳಾಸವೂ ಅರ್ಥವಿಲ್ಲದ ಕನ್ನಡ ಆಗಬಹುದು. ಹಾಗಾಗಿ ಇಂಗ್ಲಿಷ್ ಭಾಗಗಳನ್ನು ಮೊದಲೇ ಬೇರೆ ಕಡೆ ಎತ್ತಿಡಿ. ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮತ್ತು ಎರಡೆರಡು ಒತ್ತು ಇರುವ ಶಾಸ್ತ್ರಿ, ರಾಷ್ಟ್ರದಂಥವನ್ನು ಒಮ್ಮೆ ಕಣ್ಣಿಟ್ಟು ಓದಿ. ಹಳೆಯ ಫೈಲನ್ನು ಅಳಿಸಬೇಡಿ, ಅದು ಹಾಗೇ ಇರಲಿ.

ಅಂದ ಹಾಗೆ, ಭಾವ ಹೊಡೆದಿದ್ದ ಸೊನ್ನೆ ಅನುಸ್ವಾರ ಆದ ಮೇಲೆ ಫಿಲ್ಟರ್‌ನಲ್ಲಿ ಬೆಂಗಳೂರು ಒಂದೇ ಉಳಿಯಿತು. ಕೊಪ್ಪದವರೂ ಇದ್ದ ಕಾಲಂ ನೋಡಿದರೆ ಅಲ್ಲೂ ಕೊಪ್ಪ ಎರಡು ಇದ್ದಂತೆ ಕಂಡಿತು! ಅದರಲ್ಲಿ ಅನುಸ್ವಾರವೇ ಇಲ್ಲವಲ್ಲ ಎಂದು ಲೆನ್ ಹಾಕಿದರೆ ಒಂದಕ್ಕೆ 4, ಇನ್ನೊಂದಕ್ಕೆ 5. ಹೀಗಾಗಬಾರದಲ್ವಾ? ಕೊ, ಪ, ಗುರುತು, ಪ ಎಂದರೆ ಐದು ಸರಿ, ಕ ಮತ್ತು ಒತ್ವ ಬೇರೆ ಬೇರೆ. ನಾಲ್ಕು ಬಂದದ್ದರಲ್ಲಿ ಭಾವ ಒತ್ತನ್ನೇ ಬಿಟ್ಟು "ಕೊಪ" ಎಂದು ಹೊಡೆದು ಕೊನೆಗೆ ಒಂದು ಸ್ಪೇಸ್ ಬಿಟ್ಟಿದ್ದರು. ಅದಕ್ಕೆ ಯೂನಿಕೋಡ್ ಏನು ಮಾಡೀತು?