ಒಲೆ ಹಚ್ಚದೆ ಮಾಡೋ ಬ್ರೆಡ್ ರೋಲ್

ಸಂಜೆ ನಾಲ್ಕು ಜನ ಮನೆಗೆ ಬರ್ತಾರೆ ಅಂದ್ರೆ ಬೋಂಡ, ಪಕೋಡಕ್ಕೆ ಎಣ್ಣೆ ಇಡಲೇಬೇಕು ಅಂತೇನಿಲ್ಲ. ಈ ರೋಲ್‌ಗೆ ಒಲೆಯೇ ಬೇಡ, ಬಂದವರ ಜೊತೆ ಕೂತು ಮಾತಾಡೋಕೂ ಬಿಡುವು ಸಿಗುತ್ತೆ.

ಇದರಲ್ಲಿ ಮುಖ್ಯ ಅಂದ್ರೆ ಮೊಸರು. ಅರ್ಧ ಲೀಟರ್ ಗಟ್ಟಿ ಮೊಸರನ್ನ ತೆಳು ಬಟ್ಟೇಲಿ ಕಟ್ಟಿ, ಜರಡಿ ಮೇಲಿಟ್ಟು, ಕೆಳಗೊಂದು ಪಾತ್ರೆ ಕೊಟ್ಟು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಹೊತ್ತಿಗೆ ನೀರೆಲ್ಲ ಇಳಿದು ಬೆಣ್ಣೆ ಥರ ಆಗಿರುತ್ತೆ. ಅದಕ್ಕೆ ಕ್ಯಾರೆಟ್ ತುರಿ, ಸಣ್ಣಗೆ ಹೆಚ್ಚಿದ ದಪ್ಪಮೆಣಸಿನಕಾಯಿ, ಕುಟ್ಟಿದ ಕಾಳುಮೆಣಸು ಸೇರಿಸಿ. ಉಪ್ಪು ಮಾತ್ರ ಸುತ್ತೋ ಹೊತ್ತಿಗೇ ಹಾಕಿ. ಮೊದಲೇ ಹಾಕಿದ್ರೆ ತರಕಾರಿ ನೀರು ಬಿಟ್ಟು ಎಲ್ಲ ಪಿಚಪಿಚ ಆಗುತ್ತೆ. ಸೌತೆಕಾಯಿ ಬೇಕಿದ್ರೆ ತಿರುಳು ತೆಗೆದು, ತುರಿದು, ಚೆನ್ನಾಗಿ ಹಿಂಡಿ ಹಾಕಿ.

ಬ್ರೆಡ್ ತಾಜಾ ಇರಲಿ, ಹಳೇದು ಸುತ್ತುವಾಗ ಬಿರಿಯುತ್ತೆ. ಅಂಚು ಕತ್ತರಿಸಿ ಲಟ್ಟಣಿಗೆಯಲ್ಲಿ ಚಪ್ಪಟೆ ಮಾಡಿ. ಮೊದಲು ತೆಳ್ಳಗೆ ಬೆಣ್ಣೆ ಸವರಿ, ಆಗ ತೇವ ಬ್ರೆಡ್‌ಗೆ ಬೇಗ ಇಳಿಯಲ್ಲ. ಅದರ ಮೇಲೆ ಗಟ್ಟಿ ಪುದೀನ ಚಟ್ನಿ, ಆಮೇಲೆ ಮೊಸರಿನ ಮಿಶ್ರಣ. ಆಚೆ ತುದೀಲಿ ಒಂದು ಬೆರಳಗಲ ಖಾಲಿ ಬಿಟ್ಟು ಬಿಗಿಯಾಗಿ ಸುತ್ತಿ, ಅಂಟಿಸಿದ ಕಡೆ ಕೆಳಗೆ ಬರೋ ಹಾಗೆ ಡಬ್ಬೀಲಿ ಜೋಡಿಸಿ. ಮೇಲೆ ಹಿಂಡಿದ ಒದ್ದೆ ಬಟ್ಟೆ ಹೊದಿಸಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಹರಿತವಾದ ಚಾಕುವಿನಲ್ಲಿ ಒಂದೊಂದನ್ನೂ 3 ತುಂಡು ಮಾಡಿ, ಪ್ರತಿ ಸಲ ಚಾಕು ಒರೆಸಿಕೊಳ್ಳಿ, ಒಳಗಿನ ಬಣ್ಣ ಚೆನ್ನಾಗಿ ಕಾಣುತ್ತೆ. ಖಾರ ತಿನ್ನದ ಮಕ್ಕಳಿಗೆ ಚಟ್ನಿ ಬಿಟ್ಟು ಚೀಸ್ ತುರಿ ಹಾಕಿಕೊಡಿ. ಸೆಕೆಗಾಲದಲ್ಲಿ ಎಲ್ಲವನ್ನೂ ಒಟ್ಟಿಗೆ ಹೊರಗಿಡಬೇಡಿ, ತಟ್ಟೆ ಖಾಲಿ ಆದ ಹಾಗೆ ಫ್ರಿಜ್‌ನಿಂದ ತೆಗೆದು ಬಡಿಸಿ.